ಕೌದಿ ಚೀಲದ ಲ್ಯಾಪ್‌ಟಾಪ್

ಶುಕ್ರವಾರ, 5-6-2009

ಇವತ್ತೂ ಆಗಲಿಲ್ಲ. ಮೋಡೆಮ್ ಆಫ್ ಮಾಡಿ ಆನ್ ಮಾಡಿದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದೆ. ಪಾಸ್‌ವರ್ಡ್ ಕೇಳುವುದೇ ಇಲ್ಲ — ನೆಟ್‌ವರ್ಕೇ ಇಲ್ಲ ಅನ್ನುತ್ತದೆ. ಮೋಡೆಮ್ ಪಕ್ಕದಲ್ಲೇ ಕೂತು ಪಿಳಿಪಿಳಿ ಕಣ್ಣು ಬಿಡುತ್ತಿದೆ. ಎರಡನ್ನೂ ಎತ್ತಿ ಒಗೆಯಬೇಕು.

ಹೋದ ತಿಂಗಳು ಸರಿಯಾಗಿತ್ತು. ಮಸ್ಕತ್ತಿನಿಂದ ತಮ್ಮ ಬಾಷಾ ಕಳಿಸಿದ ಲ್ಯಾಪ್‌ಟಾಪ್. ಸೆಕೆಂಡ್ ಹ್ಯಾಂಡ್, ಮೋಡೆಮ್ಮಿನ ವೈರ್ ಚುಚ್ಚುವ ಜಾಗ ಮೊದಲೇ ಮುರಿದಿದೆ. ಜುಮ್ಮಾ ನಮಾಜು ಮುಗಿಸಿ ಅವನು ಕ್ಯಾಮೆರಾ ಮುಂದೆ ಕೂರುತ್ತಿದ್ದ. ಕೊನೆಗೆ ಅಮ್ಮಿ ಎರಡೂ ಕೈ ಎತ್ತಿ ದುವಾ ಮಾಡುತ್ತಿದ್ದಳು, ಅವನೂ ಅಲ್ಲಿ ಎತ್ತುತ್ತಿದ್ದ. ಆಮೇಲೆ ಧೂಳು ಕೂರಬಾರದೆಂದು ಅದಕ್ಕೊಂದು ಕೌದಿ ಚೀಲ ಹೊಲಿದಳು. ಎಷ್ಟು ಬಿಗಿ ಅಂದರೆ ಜಗ್ಗಿಯೇ ತೆಗೆಯಬೇಕು.

ಬಾಷಾಗೆ ಫೋನ್ ಮಾಡಿದೆ. "ಇರ್ಲಿ ಬಿಡ ಆಪಾ. ಫೋನಿನ್ಯಾಗ ಮಾತಾಡ್ತೀವಲ್ಲ," ಅಂದ. ಬೇಸರವೇ ಇಲ್ಲ ದನಿಯಲ್ಲಿ!

ರವಿವಾರ, 7-6

ಸುಭಾನಸಾಬ ಬಂದಿದ್ದ. ಬಾಷಾನ ವರ್ಕ್‌ಶಾಪಿನವನೇ, ರಜೆ ಮೇಲೆ ಊರಿಗೆ ಬಂದಿದ್ದಾನೆ. ಚಹಾ ಕುಡಿಯುತ್ತಾ ಬಾಯಿ ಬಿಟ್ಟ.

"ಬಾಷಾನ ಕೈ ಈಗ ಆರಾಮ ಐತ್ರಿ, ಚಾಚೀ."

ಅಮ್ಮಿ ಚಹಾದ ಬಸಿ ಕೆಳಗಿಟ್ಟಳು. "ಕೈಗೆ ಏನಾಗಿತ್ತಪಾ?"

ಮಷೀನಿಗೆ ಸ್ವಲ್ಪ ತಾಗಿತ್ತಂತೆ. ಅಷ್ಟೇ ಹೇಳಿ ಇಟಗಿ ಬಸ್ಸಿಗೆ ಹೊತ್ತಾಯಿತೆಂದು ಎದ್ದ.

ತಕ್ಷಣ ಫೋನ್. "ಬರೇ ಕೆತ್ತೇತಿ ಅಮ್ಮಿ, ಖರೇನ." "ಖರೇ ಇದ್ರ ನನಗ ತೋರ್ಸು." ಲೈನ್ ಕಟ್. ಕಟ್ ಆಯಿತೋ, ಅವನೇ ಮಾಡಿದನೋ... ಅಮ್ಮಿ ರಾತ್ರಿ ಉಣ್ಣಲಿಲ್ಲ.

ಬುಧವಾರ, 10-6

ಬಸ್‌ಸ್ಟ್ಯಾಂಡ್ ಹತ್ತಿರ ಅರ್ಜುನಪ್ಪನ ಕಂಪ್ಯೂಟರ್ ಅಂಗಡಿಗೆ ಒಯ್ದೆ. ಅವನೂ ಚೀಲ ಜಗ್ಗಿಯೇ ತೆಗೆದ. "ಒಳಗಿನ ಕಾರ್ಡ್ ಹೋಗಿರಬೇಕ್ರಿ. ಹುಬ್ಬಳ್ಳಿಯಿಂದ ತರ್ಸಬೇಕು, ವಾರ ಹಿಡೀತೈತಿ."

ವಾರ! ಲ್ಯಾಪ್‌ಟಾಪ್ ವಾಪಸ್ ಮನೆಗೆ ತಂದೆ. ಸೈಬರ್‌ಗೆ ಹೋಗೋಣ ಅಂದೆ. ಅಮ್ಮಿ ಒಪ್ಪಲಿಲ್ಲ. "ಮಂದಿ ಮುಂದ ಕುಂತು ನನ್ ಮಗನ ಕೈ ನೋಡಂಗಿಲ್ಲ ನಾ."

ಭಯವಾಗುತ್ತಿದೆ. ಸರಿಯಾಗದಿದ್ದರೂ ಭಯ, ಸರಿಯಾದರೂ ಭಯ.

ಶುಕ್ರವಾರ, 12-6, ಮಧ್ಯಾಹ್ನ

ಚೀಲದ ನೂಲು ಲ್ಯಾಪ್‌ಟಾಪಿನ ಮುಂದಿನ ಅಂಚಿಗೆ ಸಿಕ್ಕಿಕೊಂಡಿತು. ಪಿನ್ನಿನಿಂದ ಬಿಡಿಸುವಾಗ ಅಲ್ಲೊಂದು ಚಿಕ್ಕ ಗುಂಡಿ ಟಕ್ಕನೆ ಪಕ್ಕಕ್ಕೆ ಸರಿಯಿತು. ನೀಲಿ ದೀಪ ಹತ್ತಿತು. ನೆಟ್‌ವರ್ಕ್ ಬಂತು!

ವೈರ್‌ಲೆಸ್ಸಿನ ಸ್ವಿಚ್ಚು. ಚೀಲದಿಂದ ಜಗ್ಗುವಾಗ ನಾವೇ ಆಫ್ ಮಾಡಿಬಿಟ್ಟಿದ್ದೆವು. ಅಮ್ಮಿಗೆ ಹೇಳಲಿಲ್ಲ, ನೊಂದುಕೊಳ್ಳುತ್ತಾಳೆ.

ಅದೇ ದಿನ, ಸಂಜೆ

ಬಾಷಾ ಬಹಳ ಹೊತ್ತಿಗೆ ಕಾಲ್ ಎತ್ತಿದ. ಕ್ಯಾಮೆರಾ ತುಂಬ ಬರೀ ಮುಖ. ಅಮ್ಮಿ ಕೈಯ ಸುದ್ದಿಯನ್ನೇ ಎತ್ತಲಿಲ್ಲ! ಊಟ ಏನು, ಸೆಕೆ ಹೇಗಿದೆ, ಅಷ್ಟೇ. ಅವನೂ ಸಡಿಲಾದ, ನಕ್ಕ.

ಕೊನೆಗೆ ಅಮ್ಮಿ ಸೆರಗು ಸರಿಮಾಡಿಕೊಂಡು ಎರಡೂ ಕೈ ಎತ್ತಿದಳು. "ಬಾ ಬೇಟಾ, ದುವಾ ಮಾಡೂಣು."

ಅವನ ನಗು ನಿಂತಿತು. ಬಲಗೈ ಮೇಲೆ ಬಂತು.

ಅಮ್ಮಿ ಕೈ ಇಳಿಸಲಿಲ್ಲ. "ಇನ್ನೊಂದು?"

ನಿಧಾನಕ್ಕೆ ಎಡಗೈ ಎತ್ತಿದ. ಬಿಳಿ ಪಟ್ಟಿ. ಬೆರಳು ಒಂದೂ ಇರಲಿಲ್ಲ.

ಅಮ್ಮಿ ಅಳಲಿಲ್ಲ. ತನ್ನ ಒಂದು ಕೈ ಸ್ಕ್ರೀನಿಗೆ ಹಚ್ಚಿದಳು, ಅವನ ಬಲಗೈ ಪಕ್ಕಕ್ಕೆ, ಬೊಗಸೆ ಆಗುವ ಹಾಗೆ. ಹಾಗೇ ದುವಾ ಮುಗಿಸಿದಳು.