ಮಾದರಿ ಉತ್ತರ

ಮನೆಯಿಂದ,
ಹದಿನೇಳನೇ ತಾರೀಖು, ಗುರುವಾರ ಬೆಳಿಗ್ಗೆ

ನನ್ನ ಮುದ್ದು ಪುಟ್ಟಿಗೆ,

ಹೇಗಿದ್ದೀಯೇ? ಬೆನ್ನುನೋವು ಕಡಿಮೆಯಾಯಿತಾ? ನೆಲದ ಮೇಲೆ ಮಲಗಿದರೆ ನಿನಗೆ ಆಗುವುದಿಲ್ಲ ಎಂದು ಜೈಲಿನವರಿಗೆ ಎರಡು ಸಲ ಬರೆದುಕೊಟ್ಟಿದ್ದೇನೆ. ಊಟ ಬಿಡಬೇಡ. ಊರಿನವರಿಗೆಲ್ಲ ಹೊತ್ತುಹೊತ್ತಿಗೆ ಮಾತ್ರೆ ನುಂಗಿಸುವ ನರ್ಸಮ್ಮ ತನ್ನ ಮಾತ್ರೆ ಮಾತ್ರ ಮರೆಯುತ್ತಾಳೆ ಎಂದು ನನಗೆ ಗೊತ್ತಿಲ್ಲವೇ? ನಾವು ಚೆನ್ನಾಗಿದ್ದೇವೆ ಅಂದುಕೋ. ನಿನ್ನಪ್ಪ ಗಡಿಯಾರದ ಅಂಗಡಿಯನ್ನು ದಿನಾ ತೆರೆಯುತ್ತಾರೆ, ಯಾರದೋ ಗಡಿಯಾರ ಬಿಚ್ಚಿಟ್ಟುಕೊಂಡು ಹಾಗೇ ಕೂತಿರುತ್ತಾರೆ. ನಿನ್ನೆ ಗಿರಾಕಿಯೊಬ್ಬರು ಬೈದರಂತೆ. ಮನೆಗೆ ಬಂದ ಮೇಲೆ ನಾನೂ ಬೈದೆ. ಆಮೇಲೆ ಇಬ್ಬರೂ ಕೂತು ಅತ್ತೆವು.

ಹೋದ ತಿಂಗಳ ಭೇಟಿಯಲ್ಲಿ ಜಾಲರಿಯ ಆಚೆಯಿಂದ ನೀನೊಂದು ಪ್ರಶ್ನೆ ಕೇಳಿದೆ: "ನೀನು ಟೈಪ್ ಮಾಡಿದ ಕಾಗದಗಳಿಂದ ನಿಜವಾಗ್ಲೂ ಏನಾದ್ರೂ ಆಯ್ತೇನಮ್ಮಾ?" ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಹತ್ತು ನಿಮಿಷ ಮುಗಿದಿತ್ತು. ಅವತ್ತಿನಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ.

ಮೂವತ್ತೊಂದು ವರ್ಷದ ಹಿಂದೆ, ದರ್ಜಿಯ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ಹಕ್ಕುಗಳ ಸಮಿತಿ ಶುರುವಾದಾಗ ಇದ್ದದ್ದು ಏಳು ಜನ, ಕುರ್ಚಿ ನಾಲ್ಕು. ಟೈಪಿಂಗ್ ಬರುತ್ತಿದ್ದವಳು ನಾನೊಬ್ಬಳೇ, ಹಾಗಾಗಿ ಒಂದು ಕುರ್ಚಿ ನನಗೆ ಖಾಯಂ. ಕಾರ್ಬನ್ ಇಟ್ಟು ಒಟ್ಟಿಗೆ ಐದು ಪ್ರತಿ ಹೊಡೆಯುತ್ತಿದ್ದೆ. ಐದನೆಯದು ಯಾರಿಗೂ ಓದಲು ಬರುತ್ತಿರಲಿಲ್ಲ. "ಅದನ್ನ ಮಂತ್ರಿಗಳಿಗೆ ಕಳಿಸಿ, ಹೇಗೂ ಅವರು ಓದಲ್ಲ" ಎನ್ನುತ್ತಿದ್ದರು ಸಮಿತಿ ಕಟ್ಟಿದ ನಮ್ಮ ಮೇಷ್ಟ್ರು. ಮೊದಲು ಬರೆದದ್ದು ಒಬ್ಬ ಬೇಕರಿಯವನಿಗಾಗಿ. ಮುಷ್ಕರ ಹೂಡಿದವರಿಗೆ ಬ್ರೆಡ್ ಹಂಚಿದ ಎಂದು ಅವನನ್ನು ಒಳಗೆ ಹಾಕಿದ್ದರು. ನಮ್ಮ ಕಾಗದ ನೋಡಿ, ಹೆಸರೇ ಕೇಳದ ಊರುಗಳಿಂದ ಜನ ಅವನ ಪರವಾಗಿ ಜೈಲಿಗೆ ಬರೆದರು. ಎರಡು ವರ್ಷಕ್ಕೆ ಹೊರಗೆ ಬಂದವನು ನಮ್ಮ ಮೆಟ್ಟಿಲು ಹತ್ತಿ ಬಂದು ಹೇಳಿದ್ದು ಇಷ್ಟೇ: "ಟಪಾಲು ಬಂದ ದಿನ ಹೊಡೀತಿರಲಿಲ್ಲಮ್ಮ." ಆ ಒಂದು ಮಾತು ನಂಬಿಕೊಂಡು ಇಷ್ಟು ವರ್ಷ ಬೆರಳು ಸವೆಸಿದೆ ಕಣೇ.

ಆಮೇಲೆ ಒಳ್ಳೆಯ ದಿನಗಳೂ ಬಂದವು. ಠಾಣೆಯಿಂದ ಆಸ್ಪತ್ರೆಗೆ ತಂದವರ ಗಾಯಗಳನ್ನು ಬರೆದಿಡಲೇಬೇಕೆಂಬ ಕಾನೂನು ಬಂತು. ಹಕ್ಕುಗಳ ಆಯೋಗ ಬಂತು, ಅದಕ್ಕೆ ಲಿಫ್ಟ್ ಇರುವ ಕಟ್ಟಡ ಬಂತು. ಜೈಲಿನ ಅಧಿಕಾರಿಗಳಿಗೆ ತರಬೇತಿ ಕೊಡಿ ಎಂದು ನಮ್ಮನ್ನೇ ಕರೆದರು. ದೂರಿಗೆ ಉತ್ತರ ಬರೆಯುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಒಂದೋ ಸುಮ್ಮನಿರುತ್ತಿದ್ದರು, ಇಲ್ಲವೇ ಬೈದು ಬರೆಯುತ್ತಿದ್ದರು. ಆ ಬೈಗುಳವೇ ಎಷ್ಟೋ ಸಲ ಕೋರ್ಟಿನಲ್ಲಿ ನಮಗೆ ಸಾಕ್ಷಿಯಾಗಿತ್ತು. ಅಂಥವರಿಗೆ ಮಾದರಿ ಉತ್ತರ ಬರೆದುಕೊಟ್ಟವಳು ನಾನೇ. ಎಷ್ಟು ಮುತುವರ್ಜಿಯಿಂದ ಬರೆದೆ ಅಂತೀಯಾ! "ತಮ್ಮ ಕಳಕಳಿಯನ್ನು ಗೌರವಿಸುತ್ತೇವೆ. ಬಂಧಿತರ ಆರೋಗ್ಯ ಮತ್ತು ಘನತೆಯನ್ನು ಕಾನೂನಿನಂತೆ ಕಾಪಾಡಲಾಗುತ್ತಿದೆ." ಬರೆಯುತ್ತಾ ಬರೆಯುತ್ತಾ ಹಾಗೆಯೇ ನಡೆದುಕೊಂಡಾರು ಎಂಬ ಆಸೆ. ಸೋಮವಾರ ನಿನ್ನ ಬೆನ್ನಿನ ದೂರಿಗೆ ಉತ್ತರ ಬಂತು. ಅಕ್ಷರ ಅಕ್ಷರವೂ ನನ್ನದೇ, ಪುಣ್ಯಾತ್ಮರು ಒಂದು ಅಲ್ಪವಿರಾಮವನ್ನೂ ಬದಲಾಯಿಸಿಲ್ಲ. ಅದರಲ್ಲಿ ಎಲ್ಲಿ ಹುಳುಕು ಹುಡುಕಲಿ ಹೇಳು? ಹುಳುಕೇ ಇಲ್ಲದ ಹಾಗೆ ಬರೆದವಳು ನಾನು.

ನೀನು ನಡೆದದ್ದೂ ನಾವು ತಂದ ಕಾನೂನಿನಂತೆಯೇ. ಠಾಣೆಯಿಂದ ಹೊತ್ತು ತಂದ ಗಾರೆ ಕೆಲಸದವನ ಮೈಮೇಲಿನ ಹನ್ನೊಂದು ಗಾಯಗಳನ್ನು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಬರೆದೆ. ಅವನು ಉಳಿಯಲಿಲ್ಲ. ಮೆಟ್ಟಿಲಿಂದ ಬಿದ್ದ ಎಂದು ದೊಡ್ಡ ಡಾಕ್ಟರು ಹೇಳಿದರು, ಆದರೂ ಬರೆದದ್ದನ್ನು ನೀನು ಹೊಡೆದುಹಾಕಲಿಲ್ಲ. ಸುಳ್ಳು ದಾಖಲೆ ಮಾಡಿದಳು ಎಂದು ನಿನ್ನನ್ನು ಹಿಡಿದು ಐದು ತಿಂಗಳಾಯಿತು. "ತಪ್ಪಾಗಿ ಬರೆದೆ" ಎಂಬ ಕಾಗದಕ್ಕೆ ಸಹಿ ಹಾಕಿದರೆ ಅದೇ ದಿನ ಬಿಡುತ್ತಾರಂತೆ. ನೀನು ಸುತರಾಂ ಒಪ್ಪಲಿಲ್ಲ. ಸಮಿತಿಯಲ್ಲಿ ಎಲ್ಲರೂ ನಿನ್ನನ್ನು ಹೊಗಳುವವರೇ. ತಾಯಿಗೆ ತಕ್ಕ ಮಗಳು ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು. ಸತ್ತವನ ತಾಯಿ ದಿನಾ ಬಂದು ನನ್ನ ಮೇಜಿನ ಎದುರು ಬೆಂಚಿನ ಮೇಲೆ ಕೂರುತ್ತಾರೆ. ಮಗನನ್ನು ಹೊಡೆದು ಕೊಂದರು ಎನ್ನಲು ಅವರಿಗಿರುವ ಆಧಾರ ನಿನ್ನ ಆ ಹನ್ನೊಂದು ಸಾಲು ಮಾತ್ರ. ನಿನ್ನೆ ನನ್ನ ಕೈ ಹಿಡಿದುಕೊಂಡು "ನಿಮ್ಮ ಮಗಳು ಮಾತು ಬದಲಾಯಿಸಲ್ಲ, ಅಲ್ವಾ?" ಎಂದರು. ಹೂಂ ಅಂದೆ.

"ಸಹಿ ಹಾಕು ಅಂತ ಮಾತ್ರ ಮಕ್ಕಳಿಗೆ ಹೇಳಬೇಡಿ" ಎಂದು ಎಷ್ಟು ತಾಯಂದಿರಿಗೆ ಬುದ್ಧಿ ಹೇಳಿದ್ದೇನೋ ನಾನು. ಒಬ್ಬಾಕೆ ನನ್ನ ಮುಖಕ್ಕೇ "ನಿಮಗೇನು, ನಿಮ್ಮ ಮಗು ಮನೇಲಿದೆ" ಎಂದಿದ್ದರು. ಆಗ ನನಗೆ ಕೆಟ್ಟ ಕೋಪ ಬಂದಿತ್ತು.

ನೀನು ಕೇಳಿದ್ದಕ್ಕೆ ಏನು ಹೇಳಲಿ ಪುಟ್ಟಿ? ಏನೂ ಆಗಲಿಲ್ಲ ಎಂದರೆ ಸುಳ್ಳಾದೀತು. ಬೇಕರಿಯವನು ಬದುಕಿ ಬಂದ, ಇನ್ನೂ ಕೆಲವರು ಬಂದರು. ನಿನಗೆ ಮಾತ್ರ ಒಂದು ಹಾಸಿಗೆ ಕೊಡಿಸಲು ನನ್ನಿಂದ ಆಗುತ್ತಿಲ್ಲ. ಇದಕ್ಕಿಂತ ದೊಡ್ಡ ಉತ್ತರ ಮೇಷ್ಟ್ರ ಭಾಷಣದಲ್ಲಿ ಸಿಕ್ಕೀತು, ನನ್ನ ಹತ್ತಿರ ಇಲ್ಲ.

ಕಾಲುಚೀಲ ಕಳಿಸಿದ್ದೇನೆ, ಹಾಕಿಕೋ. ತಲೆ ಸವರಿದೆ ಅಂತ ಬರಿ ಎಂದರು ಅಪ್ಪ. ನನ್ನ ಆಯುಸ್ಸೂ ನಿನಗಿರಲಿ ಮಗಳೇ.

ನಿನ್ನ
ಅಮ್ಮ

ತಾ.ಕ.: ವಕೀಲಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ, ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಓದಿ ಹರಿದುಹಾಕು. ಆ ಕಾಗದಕ್ಕೆ ಸಹಿ ಹಾಕಿಬಿಡು. ಅಪ್ಪನಿಗೆ ಹೇಳಿಲ್ಲ, ಮೇಷ್ಟ್ರಿಗಂತೂ ಇಲ್ಲವೇ ಇಲ್ಲ. ಆ ತಾಯಿಗೆ ನಾನೇ ಹೇಳುತ್ತೇನೆ. ಏನಂತ ಹೇಳಬೇಕೋ ತಿಳಿಯದು. ನೀನು ಮನೆಗೆ ಬಾ.