ಟಿವಿಗೆ ಹಾಕಿದ ನೈವೇದ್ಯದ ಪರದೆ

ದಿಲ್‌ಸುಖ್‌ನಗರ
ಶನಿವಾರ ಬೆಳಿಗ್ಗೆ

ನನ್ನ ಬಂಗಾರದಂಥ ಮಗಳು ಮಾನಸಾಗೆ ಅವ್ವನ ಆಶೀರ್ವಾದ.

ಇಂದು ಹಣಮಪ್ಪನ ವಾರ, ನನಗೆ ಒಪ್ಪತ್ತು. ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ದೇವರಿಗೆ ದೀಪ ಹಚ್ಚಿ, ಲಹರಿಯ ತಲೆ ಬಾಚಿ ಈಗ ಕೂತಿದ್ದೇನೆ. ಫೋನ್ ಇರುವಾಗ ಕಾಗದ ಯಾಕೆ ಅನ್ನಬೇಡ. ಫೋನಿನಲ್ಲಿ ನಾನು ಬಾಯಿ ತೆರೆಯುವುದರೊಳಗೆ “ಅವ್ವಾ, ಆ ಮಾತು ಬ್ಯಾಡ ಅಂದೆನಲ್ಲ” ಎಂದು ಇಟ್ಟುಬಿಡುತ್ತೀ. ಕಾಗದಕ್ಕೆ ಅಡ್ಡಬಾಯಿ ಹಾಕಲು ಬರುವುದಿಲ್ಲ.

ನೀನು ಔಷಧೋಪಚಾರಕ್ಕೆಂದು ಅಮೀರ್‌ಪೇಟೆಯ ಬಾಡಿಗೆ ಕೋಣೆಗೆ ಹೋಗುವಾಗ ಮಗಳು ಲಹರಿಯನ್ನು ನನ್ನ ಕೈಗೆ ಕೊಟ್ಟು ಹೇಳಿದ್ದೆ: ಬೇನೆಯ ಸುದ್ದಿ ಅವಳಿಗೆ ತಿಳಿಯಬಾರದು, ಮಮ್ಮಿ ಆಫೀಸಿನ ಕೆಲಸಕ್ಕೆ ಪರ ಊರಿಗೆ ಹೋಗಿದ್ದಾಳೆ ಅನ್ನು, ಟಿವಿಯಲ್ಲಿ ಮಕ್ಕಳು ನೋಡಬಾರದ್ದು ಏನೂ ಕಣ್ಣಿಗೆ ಬೀಳಬಾರದು. ಲಾಕ್ ಬೇರೆ ಹಾಕಿಕೊಟ್ಟೆ. ಬಡಿದಾಟ, ಕುಡಿತ, ಅಸಹ್ಯ ಕುಣಿತ ಎಲ್ಲ ಆ ಲಾಕಿಗೆ ಸಿಕ್ಕಿತು. ಆಸ್ಪತ್ರೆ ಸಿಗಲಿಲ್ಲ ನೋಡು! ಈ ಧಾರಾವಾಹಿಯವರು ವಾರಕ್ಕೊಬ್ಬರನ್ನಾದರೂ ಮಂಚಕ್ಕೆ ಕೆಡವದೆ ಬಿಡುವುದಿಲ್ಲ.

ಅದಕ್ಕೆ ನಾನೇ ಒಂದು ದಾರಿ ಮಾಡಿದೆ. ನಮ್ಮೂರ ಗುಡಿಯಲ್ಲಿ ನೈವೇದ್ಯದ ಹೊತ್ತಿಗೆ ಪೂಜಾರಿ ಪರದೆ ಎಳೆಯುತ್ತಿದ್ದನಲ್ಲ, ಹಾಗೆ ನನ್ನ ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ಟಿವಿಯ ತಲೆಗೆ ಕಟ್ಟಿದೆ. ಆಸ್ಪತ್ರೆ ಬಂತೆಂದರೆ ಪರದೆ ಇಳಿಬಿಟ್ಟು ಸದ್ದು ಅಡಗಿಸುವುದು. ಲಹರಿ ಕೇಳಿದರೆ, ದೇವರು ಉಣ್ಣುತ್ತಿದ್ದಾನೆ, ಮಾತಾಡಬಾರದು ಅನ್ನುತ್ತಿದ್ದೆ. “ಅಜ್ಜಿ, ಈ ದೇವ್ರು ಭಾಳ ಉಣ್ತಾನಲ್ಲ!” ಎಂದು ನಗುತ್ತಿದ್ದಳು.

ಮೊನ್ನೆ ಮಧ್ಯಾಹ್ನ ಒಳಗೆ ಅಕ್ಕಿ ಹಸನು ಮಾಡುತ್ತಿದ್ದೆ. ಟಿವಿಯ ಸದ್ದು ಒಮ್ಮೆಲೇ ನಿಂತಿತು. ಬಂದು ನೋಡಿದರೆ ನಿನ್ನ ಮಗಳು ಸ್ಟೂಲ್ ಹತ್ತಿ ತಾನೇ ಪರದೆ ಎಳೆಯುತ್ತಿದ್ದಾಳೆ. ಏನು ಹೊಲಸು ಬಂತೋ ಎಂದು ಅಂಚು ಎತ್ತಿದೆ. ಮಂಚದ ಮೇಲೆ ಒಬ್ಬ ಹೆಣ್ಣುಮಗಳು, ತಲೆಯಲ್ಲಿ ಒಂದು ಕೂದಲಿಲ್ಲ.

ಲಹರಿ ನನ್ನ ಕೈ ಎಳೆದಳು. “ನೀ ನೋಡಬ್ಯಾಡ ಅಜ್ಜಿ, ಅಳ್ತಿ.”

“ನಾ ಯಾಕ ಅಳಲಿ?”

“ಮಮ್ಮಿ ಕೂದ್ಲಾನೂ ಹಂಗ ಹೋಗ್ಯಾವಲ್ಲ. ವಿಡಿಯೋದಾಗ ದುಪಟ್ಟಾ ಜಾರಿತ್ತು. ನೀ ಲಗೂನ ಫೋನ್ ತಿರುವಿದಿ, ಅಷ್ಟ್ರಾಗ ನಾ ನೋಡಿದ್ದೆ.”

ಯಾಕೆ ಹೇಳಲಿಲ್ಲ ತಾಯಿ ಎಂದು ಕೇಳಿದೆ.

“ದೇವ್ರು ಉಣ್ಣೂಮುಂದ ಮಾತಾಡಬಾರ್ದಂತ ನೀನ ಹೇಳಿದ್ದಿ.”

ಮಾನಸಾ, ನಾನು ಅವಳ ಕಣ್ಣು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಕೂಸು ಬಾಯಿ ಕಟ್ಟಿಕೊಂಡು ನನ್ನನ್ನು ಕಾಯುತ್ತಿತ್ತು. ತೊಡೆಯ ಮೇಲೆ ಕೂರಿಸಿಕೊಂಡು ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಬೇನೆ, ಔಷಧಕ್ಕೆ ಉದುರಿದ ಕೂದಲು, ಬರುವ ಬುಧವಾರದ ಆಪರೇಷನ್, ಎಲ್ಲ. ನಿನ್ನ ಮಾತು ಮೀರಿದ್ದೇನೆ, ಬೈಯುವುದಿದ್ದರೆ ಬೈ. ಅವಳು ಅಳಲಿಲ್ಲ. ಎಲ್ಲ ಕೇಳಿಕೊಂಡು, “ಹಂಗಾರ ಮಮ್ಮಿಗೆ ನನ್ ಮ್ಯಾಲೆ ಸಿಟ್ಟಿಲ್ಲೇನು? ಅದಕ್ಕ ಲಗೂನ ಫೋನ್ ಇಡ್ತಾಳ ಅಂತ ಮಾಡಿದ್ದೆ” ಅಂದಳು. ಅಳು ಬಂದದ್ದು ನನಗೆ.

ಮಂದಿ ಬಂದು ನೋಡಬಹುದು, ಬಾಯಿಗೆ ಮಾಸ್ಕ್ ಇದ್ದರೆ ಸಾಕು ಎಂದು ಡಾಕ್ಟರರು ಅಂದದ್ದನ್ನು ಅಳಿಯಂದಿರೇ ಹೇಳಿದರು. ಬೇಡ ಅಂದವಳು ನೀನೊಬ್ಬಳು. ನಿನ್ನನ್ನು ಈ ರೂಪದಲ್ಲಿ ನೋಡಿ ಕೂಸು ಹೆದರೀತು ಎಂಬ ಅಂಜಿಕೆ ನಿನಗೆ. ಗುಡಿಯ ಪರದೆಯನ್ನೂ ಎಳೆದ ಮೇಲೆ ಸರಿಸುತ್ತಾರೆ ಮಗಳೇ. ಮುಚ್ಚಿಯೇ ಇಟ್ಟರೆ ಹೊರಗೆ ನಿಂತವರು ಏನು ತಿಳಿಯಬೇಕು? ನಾಳೆ ರವಿವಾರ, ಕರೆತರಲೇ? ಬಡಿದಾಟದ ಲಾಕ್ ಮಾತ್ರ ಇರಲಿ, ಅದನ್ನು ನಾನು ತೆಗೆಯುವುದಿಲ್ಲ.

ಈ ಕಾಗದ ತಂದ ನಮ್ಮ ಪಕ್ಕದ ಮನೆಯ ವೆಂಕಟೇಶ ಅಲ್ಲೇ ಅಮೀರ್‌ಪೇಟೆಯ ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುತ್ತಾನೆ. ಸಂಜೆ ಮೆಟ್ರೋ ಹತ್ತುವ ಮುಂಚೆ ಮತ್ತೆ ನಿನ್ನ ಬಾಗಿಲಿಗೆ ಬರುತ್ತಾನೆ. ಒಂದೇ ಸಾಲಾದರೂ ಸರಿ, ಬರೆದು ಅವನ ಕೈಯಲ್ಲಿ ಕೊಡು. ಅದು ಬಂದ ಮೇಲೆಯೇ ನಾನು ಉಣ್ಣುವುದು.

ನಿನ್ನ ದಾರಿ ಕಾಯುವ
ಅವ್ವ, ನೀಲಾ

ತಾಜಾ ಕಲಂ: ಜೊತೆಗಿರುವ ಬಟ್ಟೆ ಟಿವಿಯ ಪರದೆಯೇ. ತೊಳೆದು ತೊಳೆದು ಮೆತ್ತಗಾಗಿದೆ, ತಲೆಗೆ ಚುಚ್ಚುವುದಿಲ್ಲ. ಬಿಚ್ಚಿ ಮಡಿಚಿ ಕೊಟ್ಟವಳು ಲಹರಿ. “ಮಮ್ಮಿ ಮಂದಿ ಮುಂದ ಕಟ್ಕೊಳ್ಳಲಿ. ನಾ ಹೋದಾಗ ಮಾತ್ರ ತೆಗೀಬೇಕು” ಅಂದಿದ್ದಾಳೆ.