ದೊಡ್ಡಮ್ಮನ ಕೈತುತ್ತು

ಜೂನ್ 3, ಸಂಜೆ

ಇಂದೂ ಅದೇ ಕಥೆ. ಆಸ್ಪತ್ರೆಯ ಲ್ಯಾಬ್ ಕೆಲಸ ಮುಗಿಸಿ ಓಡೋಡಿ ಕ್ರೆಶ್‌ಗೆ ಹೋದರೆ ಡುಮ್ಮಿ ಆಯಾಳ ಸೊಂಟ ಬಿಟ್ಟು ಇಳಿಯಲೊಲ್ಲಳು. ಹೆತ್ತ ಮಗಳು, ನನ್ನನ್ನು ಕಂಡರೆ ಇಂಜೆಕ್ಷನ್ ಕೊಡಲು ಬಂದವಳನ್ನು ಕಂಡಂಥ ಮುಖ. ಮಕ್ಕಳೆಲ್ಲ ಆ ಹೆಂಗಸನ್ನು ಕರೆಯುವುದು ದೊಡ್ಡಮ್ಮ ಎಂದು. ಅವಳು ದೊಡ್ಡಮ್ಮನಾದರೆ ನಾನು ಯಾರು, ಚಿಕ್ಕಮ್ಮನೇ?

"ಮಧ್ಯಾಹ್ನ ಚೆನ್ನಾಗಿ ಊಟ ಮಾಡಿದ್ಲಮ್ಮಾ. ಬಟ್ಟಲು ನೆಕ್ಕಿಬಿಟ್ಲು" ಅಂದಳು. ಮನೆಯಲ್ಲಿ ನಾನು ಒಂದು ತುತ್ತು ತಿನ್ನಿಸಬೇಕಾದರೆ ಕುಣಿದು ಕುಪ್ಪಳಿಸಬೇಕು. ನಗುನಗುತ್ತಾ ಥ್ಯಾಂಕ್ಸ್ ಹೇಳಿದೆ. ಒಳಗೆ ಬೆಂಕಿ. ಹೋದ ವಾರ ನನಗಾದ ಭೇದಿಯೇನೋ ನಿಂತಿದೆ, ಈ ಉರಿಗೆ ಮಾತ್ರೆ ಇಲ್ಲ.

ಜೂನ್ 6

ತಿಂಗಳಿಗೊಮ್ಮೆ ಒಬ್ಬ ತಾಯಿ ಕ್ರೆಶ್‌ನ ಎಲ್ಲ ಮಕ್ಕಳಿಗೂ ತಿಂಡಿ ತರಬೇಕು. ಇಂದು ನನ್ನ ಸರದಿ. ಬೇಗ ಎದ್ದು ಮೊಟ್ಟೆ, ಆಲೂಗಡ್ಡೆ ಬೇಯಿಸಿ, ಬೆಣ್ಣೆ ಹಾಕಿ ಕೈಯಲ್ಲೇ ನುಣ್ಣಗೆ ಕಿವುಚಿದೆ. ಅವಳೂ ನೋಡಲಿ, ಕೈರುಚಿ ಯಾರಪ್ಪನ ಮನೆ ಸ್ವತ್ತೂ ಅಲ್ಲ. ಇವರು ಎಂದಿನಂತೆ ಊರಲ್ಲಿಲ್ಲ — ಎಲ್ಲೋ ಮೆಷಿನ್ ಕೂರಿಸುತ್ತಿದ್ದಾರೆ. ಫೋನಿನಲ್ಲಿ ನಕ್ಕರು: "ಮಕ್ಕಳಿಗೆ ತಿಂಡಿ ಕೊಡ್ತಿದ್ದೀಯೋ, ಎಲೆಕ್ಷನ್‌ಗೆ ನಿಂತಿದ್ದೀಯೋ?"

ಸಂಜೆ — ಡಬ್ಬಿ ಖಾಲಿ. ಆದರೆ ತಿನ್ನಿಸಿದ್ದು ಅವಳು. ಡುಮ್ಮಿ ದಾರಿಯುದ್ದಕ್ಕೂ "ದೊಡ್ಡಮ್ಮ ಮೊಟ್ಟೆ ಕೊಟ್ಲು, ದೊಡ್ಡಮ್ಮ ಮೊಟ್ಟೆ ಕೊಟ್ಲು." ನಿದ್ದೆಗೆಟ್ಟು ಮಾಡಿದ ನಾನು ಲೆಕ್ಕಕ್ಕೇ ಇಲ್ಲ.

ಜೂನ್ 8

ಡುಮ್ಮಿಗೆ ಜ್ವರ. ವಾಂತಿ, ಭೇದಿ. ನೀರೂ ನಿಲ್ಲುತ್ತಿಲ್ಲ. ಆಸ್ಪತ್ರೆಗೆ ಹೊರಟೆ.

ಜೂನ್ 11, ವಾರ್ಡ್

ಪುಟ್ಟ ಕೈಗೆ ಸಲೈನ್. ವಾರ್ಡಿನಲ್ಲಿ ಅರ್ಧಕ್ಕರ್ಧ ಕ್ರೆಶ್‌ನ ಮಕ್ಕಳೇ. ಪಕ್ಕದ ಹಾಸಿಗೆಯ ಹುಡುಗನಿಗೆ ಇನ್ನೂ ಜಾಸ್ತಿ, ಕಣ್ಣೇ ಬಿಡುತ್ತಿಲ್ಲ. ಅವನ ತಾಯಿ ಬಟ್ಟೆ ಹೊಲಿಯುವ ಕಾರ್ಖಾನೆಯವಳು. ಇನ್ನೊಂದು ದಿನ ಬರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದಿದ್ದಾರಂತೆ.

ನಮ್ಮ ಲ್ಯಾಬಿನ ಡಾಕ್ಟರಮ್ಮ ಬಂದು ನೋಡಿದರು. ಸಾಲ್ಮೊನೆಲ್ಲ ರೋಗಾಣು. ಊಟದಿಂದ ಬಂದದ್ದು. "ಇಲ್ಲೀವರೆಗೆ ಬಂದೋರು ಇಷ್ಟು. ಮನೇಲೇ ನರಳಿ ಸುಮ್ಮನಾದೋರ ಲೆಕ್ಕ ಯಾರ ಹತ್ರ ಇದೆ? ಪ್ರತಿ ವರ್ಷ ಇದೇ. ವರದಿ ಬರೀತೀವಿ, ಮರೀತೀವಿ."

ನನಗೆ ಲೆಕ್ಕ ಬೇಡ, ಕೈ ಬೇಕು. ಎಲ್ಲ ಮಕ್ಕಳ ಬಾಯಿಗೂ ಹೋದ ಕೈ ಒಂದೇ. ತಾಯಂದಿರ ನಡುವೆ ನಾನೇ ಬಾಯಿಬಿಟ್ಟೆ — "ಅವಳ ಉಗುರು ನೋಡಿದೀರಾ?" ನಿಜಕ್ಕೂ ಅವಳ ಉಗುರು ಸದಾ ಚೊಕ್ಕಟ. ಆದರೂ ಮಾತು ಹತ್ತಿಕೊಂಡಿತು. ಸಂಜೆಯೊಳಗೆ ಅವಳನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದರಂತೆ. ಹೊಟ್ಟೆ ತಣ್ಣಗಾಯಿತು.

ಜೂನ್ 13

ನಿನ್ನೆ ಡುಮ್ಮಿ ಮನೆಗೆ ಬಂದಳು. ಡುಮ್ಮಿ ಎಂದು ಕರೆಯಲು ನಾಚಿಕೆಯಾಗುವಷ್ಟು ಸಣಕಲು. ಇವರು ರಜೆ ಹಾಕಿ ಬಂದು ಜೊತೆಗಿದ್ದಾರೆ. ಯಾರು ಚಮಚ ಹಿಡಿದರೂ ಬಾಯಿಗೆ ಬೀಗ. "ದೊಡ್ಡಮ್ಮ ಬೇಕು." ಹೀಗೇ ಉಪವಾಸ ಇದ್ದರೆ ಮತ್ತೆ ಅಡ್ಮಿಟ್ ಮಾಡಬೇಕಾಗುತ್ತೆ ಅಂದಿದ್ದಾರೆ ವಾರ್ಡಿನ ಡಾಕ್ಟರು.

ಮಕ್ಕಳ ಊಟ ಮುಟ್ಟಿದವರೆಲ್ಲ ಮಲದ ಸ್ಯಾಂಪಲ್ ಕೊಡಬೇಕು. ಆಯಾಳೂ, ಕ್ರೆಶ್‌ನ ಅಡುಗೆಯವಳೂ. "ತಿಂಡಿ ತಂದಿದ್ಯಲ್ಲ, ನಿಂದೂ ಕೊಡು" ಅಂದರು ಡಾಕ್ಟರಮ್ಮ. ನಕ್ಕೆ. ಇಂಥ ಡಬ್ಬಿಗಳ ನಡುವೆಯೇ ಬಾಳು ಸವೆಸಿದವಳು, ಕೈ ತೊಳೆಯುವ ಪಾಠ ನನಗೆ? ಕೊಟ್ಟೆ. ಪರೀಕ್ಷೆ ನಾನೇ ಮಾಡುತ್ತೇನೆಂದರೆ ಬಿಡಲಿಲ್ಲ. "ನಿನ್ನ ಮಗಳ ಕೇಸು. ದೂರ ಇರು."

ಜೂನ್ 15

ದೂರ ಇರಲಿಲ್ಲ. ಎಲ್ಲರೂ ಊಟಕ್ಕೆ ಹೋದಾಗ ಇನ್‌ಕ್ಯುಬೇಟರ್ ತೆರೆದೆ. ಸ್ಯಾಂಪಲ್ಲಿನ ರೋಗಾಣು ಬೆಳೆಸುವ ಕೆಂಪು ಪ್ಲೇಟುಗಳ ಸಾಲು. ಸಾಲ್ಮೊನೆಲ್ಲ ಇದ್ದರೆ ಅವುಗಳ ಮೇಲೆ ಕಪ್ಪು ಚುಕ್ಕೆಗಳು ಏಳುತ್ತವೆ. ಒಂದರ ತುಂಬ ಕಪ್ಪೋ ಕಪ್ಪು. ಸಿಕ್ಕಿಬಿದ್ದಳು ಅಂದುಕೊಂಡೆ. ಎಂಥ ಖುಷಿ! ತಿರುಗಿಸಿ ಹೆಸರು ನೋಡಿದೆ.

ನನ್ನದು.

ಅವಳ ಪ್ಲೇಟ್ ಹುಡುಕಿದೆ. ಒಂದು ಚುಕ್ಕೆಯೂ ಇಲ್ಲ. ನನ್ನದರಿಂದ ಒಂದು ಗೀರು ತೆಗೆದು ಅವಳದಕ್ಕೆ ಎಳೆದರೆ... ರೋಗಾಣು ಎತ್ತುವ ತಂತಿ ಅಲ್ಲೇ ಮೇಜಿನ ಮೇಲಿತ್ತು. ಸುತ್ತ ಯಾರೂ ಇರಲಿಲ್ಲ. ಎಳೆಯಲಿಲ್ಲ. ಆದರೆ ಯೋಚಿಸಿದೆ. ಬಾಗಿಲು ಮುಚ್ಚಿ ಕೈ ತೊಳೆದೆ. ಮತ್ತೆ ತೊಳೆದೆ.

ಜೂನ್ 17

ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು. ಹೋದ ತಿಂಗಳ ಭೇದಿ ನಿಂತರೂ ರೋಗಾಣು ನನ್ನೊಳಗೇ ಉಳಿದಿದೆ. ಬೆಂದ ಮೇಲೆ ಕಿವುಚಿದ ಕೈ ನನ್ನದು. ಮಧ್ಯಾಹ್ನದವರೆಗೆ ಬೆಚ್ಚಗೆ ಡಬ್ಬಿಯಲ್ಲಿ ಕೂತು ಬೆಳೆದಿದೆ.

"ಎರಡು ಸಲ ನೆಗೆಟಿವ್ ಬರೋವರೆಗೂ ಅಡುಗೆ ಮಾಡ್ಬೇಡ. ಮಗೂಗೆ ತಿನ್ನಿಸ್ಲೂ ಬೇಡ. ಬೈತಿಲ್ಲಮ್ಮಾ, ಯಾರಿಗಾದ್ರೂ ಆಗ್ಬಹುದು."

"ಮತ್ತೆ ತಿನ್ನಿಸೋರು ಯಾರು?" ಅಂದೆ. ಉತ್ತರ ನನಗೇ ಗೊತ್ತಿತ್ತು.

ಇವರ ರಜೆ ಮುಗಿದು ನಿನ್ನೆಯೇ ಹೊರಟರು. ಡುಮ್ಮಿ ಬೆಳಿಗ್ಗೆಯಿಂದ ಏನೂ ಮುಟ್ಟಿಲ್ಲ. ಕಾರ್ಖಾನೆಯವಳ ಮಗ ಇನ್ನೂ ವಾರ್ಡಿನಲ್ಲೇ. ಆ ತಾಯಿಯ ಕೆಲಸವೂ ಹೋಯಿತಂತೆ. ಅದೂ ನನ್ನ ಕೈಯ ಕೆಲಸವೇ. ಕೊನೆಗೆ ಆಯಾಳಿಗೇ ಫೋನ್ ಮಾಡಿದೆ.

ಜೂನ್ 18, ಮಧ್ಯಾಹ್ನ

ಬಂದಳು. ಕರೆದ ಕೂಡಲೇ. ನನ್ನ ಅಡುಗೆಮನೆಯಲ್ಲಿ ಮೆತ್ತಗೆ ಅನ್ನ ಮಾಡಿ ನನ್ನ ಬಟ್ಟಲಲ್ಲೇ ಕಲಸಿದಳು. ನಾನು ಹೊಸಿಲಾಚೆ. ಡುಮ್ಮಿ ಹಕ್ಕಿಮರಿಯ ಹಾಗೆ ಬಾಯಿ ತೆರೆದಳು. ಜೀವ ಬಂದಂತಾಯಿತು. ಅದೇ ಗಳಿಗೆಯಲ್ಲಿ ಆ ಕೈಯನ್ನು ತಳ್ಳಿಬಿಡುವಷ್ಟು ಹೊಟ್ಟೆಕಿಚ್ಚು.

"ಅಂತೂ ಯಾರ ಕೈಯಿಂದ ಬಂತು ಅಂತ ಗೊತ್ತಾಯ್ತೇನಮ್ಮಾ? ಎಲ್ರೂ ನನ್ನೇ ನೋಡ್ತಿದ್ರು."

"ನನ್ನ ಕೈಯಿಂದ" ಅಂದೆ. "ನಿಮ್ಮ ಉಗುರಿನ ಮಾತು ಎತ್ತಿದ್ದೂ ನಾನೇ."

ತುತ್ತು ಹಿಡಿದ ಕೈ ನಿಂತಿತು. ಡುಮ್ಮಿ ಅವಳ ಮೊಣಕೈ ಜಗ್ಗಿದಳು. ತುತ್ತು ಬಾಯಿಗೆ ಹೋಯಿತು. ಇನ್ನೊಂದು. ನನ್ನ ಕಡೆ ನೋಡಲಿಲ್ಲ. ಬೈಯಲಿ ಎಂದು ಕಾದೆ. ಬೈದು, ಬಟ್ಟಲು ಕುಕ್ಕಿ ಎದ್ದು ಹೋಗಿದ್ದರೆ ಅವಳೂ ನನ್ನಂಥವಳೇ ಅಂದುಕೊಳ್ಳುತ್ತಿದ್ದೆ. ಅವಳು ಬಟ್ಟಲು ಖಾಲಿ ಮಾಡಿಸಿ, ಮಗುವಿನ ಬಾಯಿ ಒರೆಸಿ, ಸೆರಗು ಸರಿಮಾಡಿಕೊಂಡು, "ನಾಳೆ ಎಷ್ಟು ಹೊತ್ತಿಗೆ ಬರ್ಲಿ?" ಅಂದಳು.

ಅಷ್ಟೇ. ಇದರಲ್ಲೂ ಅವಳೇ ದೊಡ್ಡಮ್ಮ.